ಹಳ್ಳಿ ಮನೆಗೆ ಯಾವ ಒಲೆ? ಕಟ್ಟಿಗೆ, ಸಿಲಿಂಡರ್, ಗೋಬರ್ ಗ್ಯಾಸ್, ಇಂಡಕ್ಷನ್ ಲೆಕ್ಕ

ಹಳ್ಳಿಯಲ್ಲಿ ಯಾವ ಒಲೆ ಅಗ್ಗ ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ ಕಟ್ಟಿಗೆ ಒಲೆ. ತೋಟದಲ್ಲಿ ಬಿದ್ದಿರುತ್ತದೆ, ಬೇಲಿಯಲ್ಲಿ ಬೆಳೆದಿರುತ್ತದೆ, ಯಾರಿಗೂ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಪುಕ್ಕಟೆ. ಈ ಲೆಕ್ಕ ಅರ್ಧ ಮಾತ್ರ ಸರಿ. ಕಟ್ಟಿಗೆ ಹೊತ್ತು ತರುವವರ ಕೂಲಿ ಇದರಲ್ಲಿ ಸೇರಿಲ್ಲ. ಅಡುಗೆಮನೆಯ ಹೊಗೆ ಸೇರಿಲ್ಲ. ಒಲೆಗೆ ಹೋದ ತೆಂಗಿನ ಚಿಪ್ಪನ್ನು ಮಾರಿದ್ದರೆ ಎಷ್ಟು ಬರುತ್ತಿತ್ತು ಅನ್ನೋದೂ ಸೇರಿಲ್ಲ.

ಅದಕ್ಕೇ ನಾಲ್ಕೂ ಒಲೆಗಳನ್ನು ಒಂದೇ ಪ್ರಶ್ನೆ ಹಿಡಿದು ನೋಡೋಣ. ಇದನ್ನು ಉರಿಸದೇ ಇದ್ದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು, ಮನೆಗೆ ಏನು ತರುತ್ತಿತ್ತು? ಸಗಣಿಗೂ ಇದೇ ಪ್ರಶ್ನೆ, ಸೌದೆಗೂ ಇದೇ, ಸಿಲಿಂಡರ್‌ಗೆ ಕೊಡುವ ದುಡ್ಡಿಗೂ ಇದೇ. ಪರಿಸರದ ಮಾತು, ಮನೆ ಖರ್ಚಿನ ಮಾತು ಎರಡೂ ಇಲ್ಲೇ ಬಂದು ಸೇರುತ್ತವೆ.

ಅಡುಗೆಮನೆಗಿಂತ ಮೊದಲು ಬಚ್ಚಲಮನೆ

ಒಲೆ ಬದಲಾಯಿಸೋಣ ಅಂತ ಹೊರಟವರು ನೇರ ಅಡುಗೆಮನೆಗೆ ಹೋಗುತ್ತಾರೆ. ಆದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸೌದೆ ನುಂಗುವುದು ಬಚ್ಚಲ ಹಂಡೆ. ಐದು ಜನರ ಮನೆ, ಒಬ್ಬರಿಗೆ ಇಪ್ಪತ್ತು ಲೀಟರ್ ಬಿಸಿನೀರು ಅಂತ ಹಿಡಿಯಿರಿ. ನೂರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಮೂರು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಹಂಡೆ ಒಲೆಯಲ್ಲಿ ಉರಿಯ ಬಹುಪಾಲು ಪಕ್ಕದಿಂದಲೇ ಹೊರಗೆ ಹೋಗುತ್ತದೆ, ಹಾಗಾಗಿ ಅಷ್ಟು ನೀರಿಗೆ ದಿನಕ್ಕೆ ನಾಲ್ಕೈದು ಕೆ.ಜಿ. ಒಣ ಸೌದೆ ಬೇಕಾಗುತ್ತದೆ. ವರ್ಷಕ್ಕೆ ಒಂದೂವರೆ ಟನ್! ಅಡುಗೆಗೆ ಸಿಲಿಂಡರ್ ತಂದ ಮೇಲೂ ಸೌದೆ ರಾಶಿ ಯಾಕೆ ಕರಗುತ್ತಲೇ ಇದೆ ಅಂದರೆ ಇದೇ ಕಾರಣ.

ಇದಕ್ಕೆ ಸೋಲಾರ್ ವಾಟರ್ ಹೀಟರ್ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಬಯಲುಸೀಮೆಯಲ್ಲಿ ವರ್ಷದ ಹೆಚ್ಚಿನ ದಿನ ನೀರು ಚೆನ್ನಾಗಿಯೇ ಕಾಯುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ, ಕೊಳ್ಳುವಾಗಲೇ ಅಂಗಡಿಯವರಿಗೆ ನೀರಿನ ಗುಣ ಹೇಳಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲನ್ನು ನಂಬುವ ಹಾಗಿಲ್ಲ, ಹಂಡೆ ಇರಲೇಬೇಕು. ಆದರೆ ಉಳಿದ ಎಂಟು ತಿಂಗಳು ಹಂಡೆ ತಣ್ಣಗಿದ್ದರೆ ಅದೇ ಒಂದು ಟನ್ ಸೌದೆ ಉಳಿತಾಯ. ಇಮ್ಮರ್ಷನ್ ರಾಡ್ ಅಥವಾ ಗೀಸರ್ ಹಾಕುತ್ತೇನೆ ಅಂದರೆ ತಿಂಗಳಿಗೆ ತೊಂಬತ್ತು ಯೂನಿಟ್ ಅದಕ್ಕೇ ಹೋಗುತ್ತದೆ ಅನ್ನೋದು ಗೊತ್ತಿರಲಿ.

ಸೋಲಾರ್‌ಗೆ ಈಗ ದುಡ್ಡಿಲ್ಲ ಅಂದರೆ ಹಂಡೆಯ ಸುತ್ತ ಮಣ್ಣು, ಇಟ್ಟಿಗೆಯಿಂದ ಗೂಡು ಕಟ್ಟಿಸಿ, ಉರಿ ತಳಕ್ಕೆ ತಾಗಿ ಪಕ್ಕದಲ್ಲಿ ಸುತ್ತಿಕೊಂಡು ಹಿಂದಿನ ಕೊಳವೆಯಿಂದ ಹೊರಗೆ ಹೋಗುವ ಹಾಗೆ ಮಾಡಿಸಿ, ಮೇಲೆ ಒಂದು ಮುಚ್ಚಳ ಹಾಕಿ. ಖರ್ಚು ಕಡಿಮೆ, ಫಲ ಮರುದಿನವೇ ಕಾಣುತ್ತದೆ.

ಕಟ್ಟಿಗೆ ಒಲೆ: ಯಾವ ಕಟ್ಟಿಗೆ ಅನ್ನೋದೇ ಮುಖ್ಯ

ಕಟ್ಟಿಗೆ ಉರಿಸುವುದೆಲ್ಲ ಕಾಡು ನಾಶ ಅಂತ ಹೇಳುವುದನ್ನು ನಾನು ಒಪ್ಪುವುದಿಲ್ಲ. ಕಲಬುರಗಿ ಕಡೆ ತೊಗರಿ ಕಟ್ಟಿಗೆ, ಹಾವೇರಿ ಕಡೆ ಹತ್ತಿ ಕಟ್ಟಿಗೆ, ರಾಮನಗರ, ಕೋಲಾರದಲ್ಲಿ ಹಿಪ್ಪುನೇರಳೆ ಕಡ್ಡಿ, ಕರಾವಳಿಯಲ್ಲಿ ತೆಂಗಿನ ಮಡಲು. ಇವೆಲ್ಲ ಪ್ರತಿ ವರ್ಷ ಬೆಳೆಯುವ, ಪ್ರತಿ ವರ್ಷ ಕಡಿಯುವ ಉರುವಲು. ಬಯಲುಸೀಮೆಯ ಬಳ್ಳಾರಿ ಜಾಲಿಯಂತೂ ಕಡಿದಷ್ಟೂ ಚಿಗುರುತ್ತದೆ. ಇದನ್ನು ಉರಿಸಿದರೆ ಕಾಡಿಗೆ ನಷ್ಟ ಇಲ್ಲ. ಹಸಿ ಮರ ಕಡಿದು ತರುವುದು, ಗುಡ್ಡದಿಂದ ದಿನಾ ಹೊರೆ ಹೊತ್ತು ತರುವುದು ಬೇರೆ ವಿಷಯ.

ಆದರೆ ತೋಟದ ಉರುವಲಿಗೂ ಈಗ ಬೇರೆ ಗಿರಾಕಿ ಇದ್ದಾರೆ. ಅಡಿಕೆ ಹಾಳೆಯನ್ನೇ ನೋಡಿ. ಹಿಂದೆ ಬಚ್ಚಲ ಒಲೆಗೆ ಹೋಗುತ್ತಿದ್ದದ್ದು ಇವತ್ತು ಹಾಳೆ ತಟ್ಟೆ ಮಾಡುವ ಘಟಕಗಳಿಗೆ ಹೋಗುತ್ತಿದೆ, ಒಂದಕ್ಕೆ ಇಷ್ಟು ಅಂತ ಎಣಿಸಿ ಕೊಳ್ಳುತ್ತಾರೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಸಿಪ್ಪೆ ನಾರಿನ ಕಾರ್ಖಾನೆಗೆ ಹೋಗುತ್ತದೆ, ಚಿಪ್ಪು ಇದ್ದಿಲು ಮಾಡುವವರಿಗೆ ಹೋಗುತ್ತದೆ. ಹಾಳೆ ಒಣಗಿಸಿ ಮಳೆ ತಾಗದ ಹಾಗೆ ಕಟ್ಟು ಕಟ್ಟಿ ಇಟ್ಟರೆ ಅದು ಮನೆಯ ಹೆಂಗಸರ ಕೈಗೆ ಬರುವ ಸ್ವಂತ ದುಡ್ಡು. ಅದರ ಜಾಗದಲ್ಲಿ ಸೋಗೆಯ ದಂಟು, ಒಣಗಿದ ಕೊಂಬೆ ಉರಿಸಿ. ಕೊಳ್ಳುವವರು ಇರುವ ವಸ್ತುವನ್ನು ಒಲೆಗೆ ಹಾಕಬೇಡಿ, ಕೊಳ್ಳುವವರಿಲ್ಲದ್ದನ್ನು ಧಾರಾಳವಾಗಿ ಉರಿಸಿ. ಕಟ್ಟಿಗೆ ವಿಷಯದಲ್ಲಿ ನಾನು ಪಾಲಿಸುವ ನಿಯಮ ಇಷ್ಟೇ.

ಇನ್ನು ಒಲೆಯ ರೂಪ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ, ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರ ಇದನ್ನೇ ಕೈಗೆತ್ತಿಕೊಂಡಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಸಾಲಾಗಿ ಮೂರು ಪಾತ್ರೆ ಇಡುವ, ಕೆಳಗೆ ಜಾಲರಿ ಇರುವ, ಹೊಗೆಕೊಳವೆ ಇರುವ ಒಲೆ. ಪಾತ್ರೆ ಒಲೆಯ ಬಾಯಲ್ಲಿ ಸರಿಯಾಗಿ ಕೂರುತ್ತದೆ, ಒಂದು ಉರಿಗೆ ಅನ್ನ, ಸಾರು, ಬಿಸಿನೀರು ಮೂರೂ ಆಗುತ್ತವೆ, ಹೊಗೆ ಹೊರಗೆ ಹೋಗುತ್ತದೆ. ಎಂಬತ್ತರ ದಶಕದಲ್ಲಿ ಊರೂರಿಗೆ ಬಂದ ಸುಧಾರಿತ ಒಲೆಗಳು ಎಷ್ಟೋ ಮನೆಗಳಲ್ಲಿ ಉಳಿಯಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು, ಯಾರೂ ತೆಗೆಯಲಿಲ್ಲ. ದಪ್ಪ ಸೌದೆ ಹಿಡಿಸಲಿ ಅಂತ ಒಲೆಯ ಬಾಯಿ ದೊಡ್ಡದು ಮಾಡಿದರು. ಬಾಯಿ ದೊಡ್ಡದಾದರೆ ತಣ್ಣನೆ ಗಾಳಿ ಜಾಸ್ತಿ ನುಗ್ಗುತ್ತದೆ, ಅಲ್ಲಿಗೆ ಆ ಒಲೆಯ ಲಾಭವೇ ಹೋಯಿತು. ನೀವು ಕಟ್ಟಿಸುವುದಾದರೆ ಕೊಳವೆಯನ್ನು ಆಗಾಗ ಮಸಿ ತೆಗೆಯಲು ಬರುವ ಹಾಗೆ ಇಡಿಸಿ, ಸೌದೆಯನ್ನು ಮೊದಲೇ ಸಣ್ಣಗೆ ಸೀಳಿಸಿ, ಮಳೆಗೆ ಮುಂಚೆ ಕೊಟ್ಟಿಗೆ ಅಟ್ಟಕ್ಕೆ ಏರಿಸಿ. ಹಸಿ ಸೌದೆಯ ಉರಿಯಲ್ಲಿ ಒಂದು ಪಾಲು ಅದರ ನೀರು ಆರಿಸಲಿಕ್ಕೇ ಹೋಗುತ್ತದೆ, ಕಣ್ಣು ಉರಿಸುವ ಹೊಗೆಯೂ ಅದರದ್ದೇ.

ಕೊಳವೆ ಇಲ್ಲದ ಒಲೆಯ ಮುಂದೆ ದಿನಾ ಮೂರು ನಾಲ್ಕು ಗಂಟೆ ಕೂರುವವರ ಶ್ವಾಸಕೋಶಕ್ಕೆ ಆಗುವ ಹಾನಿಗೆ ಯಾವ ಉಳಿತಾಯವೂ ಸಮ ಅಲ್ಲ. ಮನೆಯಲ್ಲಿ ಮಗು ಇದ್ದರೆ, ಉಬ್ಬಸ ಇರುವವರು ಇದ್ದರೆ ಇದರಲ್ಲಿ ಚರ್ಚೆಯೇ ಬೇಡ.

ಸಿಲಿಂಡರ್: ಅನುಕೂಲ ನಿಜ, ದುಡ್ಡು ಊರಲ್ಲಿ ಉಳಿಯುವುದಿಲ್ಲ

ಸ್ವಿಚ್ ತಿರುಗಿಸಿದರೆ ಉರಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಮಕ್ಕಳನ್ನು ಶಾಲೆಗೆ ಕಳಿಸಬೇಕಾದ ಮನೆಯಲ್ಲಿ ಇದಕ್ಕೆ ಬೆಲೆ ಕಟ್ಟಲಾಗದು. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆ ಬಡವರ ಮನೆಗೂ ಠೇವಣಿ ಇಲ್ಲದೆ ಸಂಪರ್ಕ ಕೊಟ್ಟಿತು. ಕಷ್ಟ ಬಂದದ್ದು ಎರಡನೇ ಸಿಲಿಂಡರ್ ತುಂಬಿಸುವಾಗ. ಕೂಲಿ ದಿನಾ ಬರುತ್ತದೆ, ಸಿಲಿಂಡರ್‌ಗೆ ಒಂದೇ ಸಲ ಪೂರ್ತಿ ದುಡ್ಡು ಕೊಡಬೇಕು, ಸಬ್ಸಿಡಿ ಆಮೇಲೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಂಥ ಮನೆಗೆ 5 ಕೆ.ಜಿ. ಸಣ್ಣ ಸಿಲಿಂಡರ್ ಅನುಕೂಲ, ಆದರೆ ಎಷ್ಟೋ ಜನರಿಗೆ ಅದು ಸಿಗುತ್ತದೆ ಅನ್ನೋದೇ ಗೊತ್ತಿಲ್ಲ. ಏಜೆನ್ಸಿಯಲ್ಲಿ ಕೇಳಿ.

14.2 ಕೆ.ಜಿ. ಸಿಲಿಂಡರ್ ನಾಲ್ಕೈದು ಜನರ ಮನೆಗೆ ಪೂರ್ತಿ ಅಡುಗೆಗೆ ಬಳಸಿದರೆ ತಿಂಗಳು, ಒಂದೂವರೆ ತಿಂಗಳು ಬರುತ್ತದೆ. ಕರಾವಳಿಯಲ್ಲಿ ಇದು ಬೇಗ ಮುಗಿಯುತ್ತದೆ, ಯಾಕೆಂದರೆ ಕುಚ್ಚಲಕ್ಕಿ ಬೇಯಲು ಬೆಳ್ತಿಗೆ ಅಂದರೆ ಬಿಳಿ ಅಕ್ಕಿಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಅಲ್ಲಿ ಗ್ಯಾಸ್ ಬಂದ ಮೇಲೂ ಅನ್ನಕ್ಕೆ ಮಾತ್ರ ಸೌದೆ ಒಲೆ ಉಳಿದಿರುವುದು ಇದಕ್ಕೇ. ಥರ್ಮಲ್ ಕುಕ್ಕರ್ ಇದಕ್ಕೆ ಒಳ್ಳೆಯ ದಾರಿ: ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಉಳಿದದ್ದು ತನ್ನ ಶಾಖದಲ್ಲೇ ಬೇಯುತ್ತದೆ.

ಪರಿಸರದ ಕಡೆಯಿಂದ ನೋಡಿದರೆ ಇದು ನೆಲದಿಂದ ತೆಗೆದ ಇಂಧನ, ನಮ್ಮ ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುವುದು. ಊರಿನ ಲೆಕ್ಕ ಹಿಡಿದರೆ ನೂರು ಮನೆಗಳ ಸಿಲಿಂಡರ್ ದುಡ್ಡು ತಿಂಗಳು ತಿಂಗಳು ಊರು ಬಿಟ್ಟು ಹೋಗುತ್ತದೆ. ಹಾಗಂತ ದನ ಇಲ್ಲದ, ತೋಟ ಇಲ್ಲದ ಮನೆಯವರಿಗೆ ಗುಡ್ಡಕ್ಕೆ ಹೋಗಿ ಸೌದೆ ತನ್ನಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಸಿಲಿಂಡರ್ರೇ ಸರಿ, ಇದರಲ್ಲಿ ಹಿಂಜರಿಕೆ ಬೇಡ.

ಗೋಬರ್ ಗ್ಯಾಸ್: ಮೊದಲು ಸಗಣಿ ತೂಗಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಸರಿಯಾದ ಮನೆಗೆ ಇದರಷ್ಟು ಲಾಭದ ಒಲೆ ಇನ್ನೊಂದಿಲ್ಲ, ತಪ್ಪು ಮನೆಗೆ ಇದರಷ್ಟು ದಂಡವೂ ಇನ್ನೊಂದಿಲ್ಲ.

ಸುಮಾರು 25 ಕೆ.ಜಿ. ಹಸಿ ಸಗಣಿಗೆ ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಒಂದು ಘನ ಮೀಟರ್ ಗ್ಯಾಸ್ ಅಂದರೆ ಹೆಚ್ಚುಕಡಿಮೆ 450 ಗ್ರಾಂ ಎಲ್‌ಪಿಜಿಗೆ ಸಮ, ಒಂದು ಬರ್ನರ್ ಎರಡು ಗಂಟೆ ಉರಿಯುತ್ತದೆ. ಅಂದರೆ ದಿನಾ 25 ಕೆ.ಜಿ. ಸಗಣಿ ಹಾಕುವ ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್ ಉಳಿಯುತ್ತದೆ. 2 ಘನ ಮೀಟರ್ ಘಟಕಕ್ಕೆ ದಿನಾ 50 ಕೆ.ಜಿ. ಬೇಕು.

ಆ ಸಗಣಿ ಎಷ್ಟು ದನಗಳಿಂದ ಬರುತ್ತದೆ? ಇಲ್ಲೇ ಜನ ಎಡವುವುದು. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ದೊಡ್ಡ ತಳಿ) ಹಸು ದಿನಕ್ಕೆ 15 ಕೆ.ಜಿ.ಗಿಂತ ಜಾಸ್ತಿ ಸಗಣಿ ಹಾಕುತ್ತದೆ, ಎರಡು ಹಸು ಇದ್ದರೂ ಸಣ್ಣ ಸಂಸಾರಕ್ಕೆ ಸಾಕು. ಮಲೆನಾಡು ಗಿಡ್ಡ ತಳಿ ಪುಟ್ಟ ದನ, ಹಗಲೆಲ್ಲ ಮೇಯಲು ಹೋಗುತ್ತದೆ, ನಮಗೆ ಸಿಗುವುದು ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದದ್ದು ಮಾತ್ರ. ಅಂಥವು ನಾಲ್ಕೈದು ಇದ್ದರೂ ಸಾಲದು. ತಲೆ ಎಣಿಸಿ ಘಟಕದ ಗಾತ್ರ ಹೇಳುವವರನ್ನು ನಂಬಬೇಡಿ. ಒಂದು ವಾರ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಸಗಣಿ ತೂಗಿ ಬರೆದಿಡಿ. ಅದರ ಸರಾಸರಿ ನೋಡಿ ಗಾತ್ರ ತೀರ್ಮಾನ ಮಾಡಿ.

ಸಗಣಿ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ತುಮಕೂರು ಜಿಲ್ಲೆಯ ಪುರ ಅನ್ನುವ ಹಳ್ಳಿಯೇ ಪಾಠ. ಅಸ್ತ್ರದವರು ಅಲ್ಲಿ ಇಡೀ ಊರಿಗೆ ಒಂದೇ ದೊಡ್ಡ ಗೋಬರ್ ಗ್ಯಾಸ್ ಘಟಕ ಮಾಡಿ ಎಲ್ಲರ ಅಡುಗೆಗೆ ಗ್ಯಾಸ್ ಕೊಡಲು ಹೊರಟಿದ್ದರು. ಅಷ್ಟು ಮನೆಗಳ ಅಡುಗೆಗೆ ಗ್ಯಾಸ್ ಸಾಲಲಿಲ್ಲ. ಅವರು ಕೈಬಿಡಲಿಲ್ಲ, ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ಕೊಟ್ಟವರಿಗೆ ಸ್ಲರಿ, ಅಂದರೆ ಗ್ಯಾಸ್ ಬಂದ ಮೇಲೆ ಉಳಿಯುವ ಸಗಣಿ ರಾಡಿ, ವಾಪಸ್. 1987ರಿಂದ ಇದು ವರ್ಷಗಟ್ಟಲೆ ನಡೆಯಿತು. ಇರುವ ಸಗಣಿಗೆ ತಕ್ಕ ಕೆಲಸ ಹುಡುಕಿದ್ದರಿಂದ ಉಳಿಯಿತು.

ಈಗ ದುಡ್ಡು. ಇಟ್ಟಿಗೆ, ಸಿಮೆಂಟ್, ಗಾರೆ ಮೇಸ್ತ್ರಿ ಕೂಲಿ ಊರಿಂದ ಊರಿಗೆ ಬದಲು, ಆದ್ದರಿಂದ ಖರ್ಚಿನ ಅಂಕಿ ನಾನು ಕೊಡುವುದಿಲ್ಲ. ಸಹಾಯಧನ ಕಳೆದು ನಿಮ್ಮ ಕೈಯಿಂದ 35 ಸಾವಿರ ಬಿತ್ತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಹತ್ತು ಸಿಲಿಂಡರ್ ತರುವ ಮನೆ, ಒಂದಕ್ಕೆ 850 ರೂಪಾಯಿ ಅಂದರೆ ವರ್ಷಕ್ಕೆ 8,500 ಉಳಿತಾಯ, ನಾಲ್ಕು ವರ್ಷಕ್ಕೆ ಹಾಕಿದ್ದು ಬಂತು. ಅದೇ ಮನೆ ಸಬ್ಸಿಡಿ ದರದಲ್ಲಿ ನಾಲ್ಕೇ ಸಿಲಿಂಡರ್ ತಂದು ಉಳಿದದ್ದಕ್ಕೆ ಸ್ವಂತ ತೋಟದ ಸೌದೆ ಉರಿಸುತ್ತಿದ್ದರೆ? ಉಳಿಯುವುದು ಎರಡು ಎರಡೂವರೆ ಸಾವಿರ. ಹದಿನಾಲ್ಕರಿಂದ ಹದಿನೇಳು ವರ್ಷ ಕಾಯಬೇಕು! ಬರೀ ಸಿಲಿಂಡರ್ ಲೆಕ್ಕಕ್ಕೆ ಅಂಥ ಮನೆಗೆ ಗೋಬರ್ ಗ್ಯಾಸ್ ಬೇಡ ಅಂತಲೇ ಹೇಳುತ್ತೇನೆ.

ಆದರೆ ಸ್ಲರಿ ಇದೆಯಲ್ಲ, ಅದನ್ನು ಸೇರಿಸಿ ನೋಡಿ. 50 ಕೆ.ಜಿ. ಸಗಣಿ, 50 ಲೀಟರ್ ನೀರು ಒಳಗೆ ಹೋದರೆ ಗ್ಯಾಸ್ ಆಗಿ ಹೋಗುವುದು ತೂಕದಲ್ಲಿ ಎರಡು ಎರಡೂವರೆ ಕೆ.ಜಿ. ಅಷ್ಟೇ. ಉಳಿದದ್ದೆಲ್ಲ ಸ್ಲರಿಯಾಗಿ ಹೊರಗೆ ಬರುತ್ತದೆ, ಸಾರಜನಕವೂ ಅದರಲ್ಲೇ ಉಳಿಯುತ್ತದೆ. ಬೆರಣಿ ತಟ್ಟಿ ಉರಿಸಿದರೆ ಆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಪೊಟ್ಯಾಷ್, ರಂಜಕದಂಥವು ಮಾತ್ರ ಉಳಿಯುತ್ತವೆ. ಒಂದೇ ಸಗಣಿಯಿಂದ ಮೊದಲು ಉರಿ, ಆಮೇಲೆ ಗೊಬ್ಬರ, ಎರಡೂ ಸಿಗುವುದು ಗೋಬರ್ ಗ್ಯಾಸ್‌ನಲ್ಲಿ ಮಾತ್ರ.

ಬರೀ ಸಾರಜನಕದ ಬೆಲೆ ಕಟ್ಟಿದರೆ ಸ್ಲರಿ ದೊಡ್ಡದಾಗಿ ಕಾಣುವುದಿಲ್ಲ. ದಿನಕ್ಕೆ 50 ಕೆ.ಜಿ. ಸಗಣಿಯ ಸಾರಜನಕ ವರ್ಷಕ್ಕೆ ಮೂರು ಚೀಲ ಯೂರಿಯಾಕ್ಕೆ ಸಮ, 45 ಕೆ.ಜಿ. ಚೀಲ ಸರ್ಕಾರದ ದರದಲ್ಲಿ 270 ರೂಪಾಯಿ ಒಳಗೇ ಸಿಗುತ್ತದೆ. ಆದರೆ ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರಕ್ಕೆ ರೈತರು ಸಾವಿರಗಟ್ಟಲೆ ಕೊಟ್ಟು ಯಾಕೆ ತರಿಸುತ್ತಾರೆ? ಮಣ್ಣು ಮೆತ್ತಗಾಗಲು, ನೀರು ಹಿಡಿದಿಡಲು, ಎರೆಹುಳ ಬರಲು ಯೂರಿಯಾ ಚೀಲದಿಂದ ಆಗುವುದಿಲ್ಲ. ಅಡಿಕೆ, ಬಾಳೆ, ತೆಂಗು, ದನದ ಹಸಿ ಹುಲ್ಲು ಬೆಳೆಯುವವರಿಗೆ ಸ್ಲರಿಯೇ ಮುಖ್ಯ ಫಸಲು, ಗ್ಯಾಸ್ ಅದರ ಜೊತೆಗೆ ಬಂದದ್ದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಅದನ್ನು ಬಳಸುವ ರೀತಿಯೂ ಇದೆ. ಗುಂಡಿಯಲ್ಲಿ ಬಿಸಿಲಿಗೆ ಬಿಟ್ಟು ಹೆಂಚಿನ ಹಾಗೆ ಒಣಗಿಸಿದರೆ ಸಾರಜನಕದ ಒಂದು ಭಾಗ ಗಾಳಿಗೆ ಹೋಗುತ್ತದೆ. ಹಸಿ ಇರುವಾಗಲೇ ಕಾಲುವೆ ನೀರಿನ ಜೊತೆ ತೋಟಕ್ಕೆ ಬಿಡಿ, ಇಲ್ಲವೇ ನೆರಳಿನ ಗುಂಡಿಯಲ್ಲಿ ದರಗು, ಸೊಪ್ಪು, ಕಸ ಹಾಕಿ ಅದರ ಮೇಲೆ ಸುರಿದು ಪದರ ಪದರವಾಗಿ ಕಾಂಪೋಸ್ಟ್ ಮಾಡಿ.

ದಿನದ ಕೆಲಸ ಹೇಗಿರುತ್ತದೆ ಅನ್ನೋದನ್ನೂ ತಿಳಿದುಕೊಳ್ಳಿ. ಸಗಣಿಗೆ ಅಷ್ಟೇ ನೀರು ಸೇರಿಸಿ ತೊಟ್ಟಿಯಲ್ಲಿ ಕೈಯಿಂದಲೋ ಕೋಲಿನಿಂದಲೋ ಕಲಸಬೇಕು. ಗಂಟು ಒಡೆಯಬೇಕು, ಹುಲ್ಲಿನ ಎಳೆ ಸಿಕ್ಕರೆ ಎತ್ತಿ ಹೊರಗೆ ಹಾಕಬೇಕು, ತಳದಲ್ಲಿ ಮರಳು ನಿಂತರೆ ಅದನ್ನು ಒಳಗೆ ಬಿಡಬಾರದು. ಹುಲ್ಲು ಒಳಗೆ ಹೋದರೆ ಮೇಲೆ ತೇಲಿ ದಪ್ಪ ಕೆನೆ ಕಟ್ಟುತ್ತದೆ, ಗ್ಯಾಸ್ ಏಳುವುದಿಲ್ಲ. ಫಿನಾಯಿಲ್ ನೀರು, ಸೋಪಿನ ನೀರು ಬೇಡವೇ ಬೇಡ. ದನಕ್ಕೆ ಆ್ಯಂಟಿಬಯೋಟಿಕ್ ಕೊಟ್ಟ ದಿನಗಳ ಸಗಣಿಯನ್ನು ತಿಪ್ಪೆಗೆ ಹಾಕಿ. ಬೇಸಿಗೆಯಲ್ಲಿ ನೀರಿಗೆ ಕಷ್ಟ ಇರುವ ತಾಲ್ಲೂಕಿನಲ್ಲಿ ಕೊಟ್ಟಿಗೆ ತೊಳೆದ ನೀರು, ಗಂಜಲವನ್ನೇ ಹಿಡಿದು ಕಲಸಬಹುದು. ಈ ಅರ್ಧ ಗಂಟೆಯ ಕೆಲಸ ಯಾರದ್ದು ಅನ್ನೋದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ. ಕಟ್ಟಿಸುವ ತೀರ್ಮಾನ ಗಂಡಸರದ್ದು, ಕಲಸುವ ಕೆಲಸ ಹೆಂಗಸರದ್ದು ಅಂತಾದರೆ ಅದು ಸರಿಯಲ್ಲ, ಅಂಥ ಘಟಕ ಜಾಸ್ತಿ ದಿನ ನಡೆಯುವುದೂ ಇಲ್ಲ.

ಯಾವ ಮಾದರಿ? ದೀನಬಂಧು ಮಾದರಿ ನೆಲದೊಳಗಿನ ಇಟ್ಟಿಗೆ ಗುಮ್ಮಟ, ತುಕ್ಕು ಹಿಡಿಯುವ ಭಾಗ ಇಲ್ಲ, ಕಟ್ಟಿದ್ದು ಸರಿ ಇದ್ದರೆ ಇಪ್ಪತ್ತು ವರ್ಷಕ್ಕೂ ಚಿಂತೆ ಇಲ್ಲ. ಆದರೆ ಗುಮ್ಮಟದಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಗ್ಯಾಸ್ ಸೋರುತ್ತದೆ, ಅದಕ್ಕೇ ಅನುಭವ ಇರುವ ಮೇಸ್ತ್ರಿಯೇ ಬೇಕು. ಮೇಲೆ ಡ್ರಮ್ ತೇಲುವ ಕೆವಿಐಸಿ (ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ) ಮಾದರಿಯಲ್ಲಿ ಗ್ಯಾಸ್ ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ, ಉರಿಯ ಒತ್ತಡವೂ ಒಂದೇ ಸಮ. ಕಬ್ಬಿಣದ ಡ್ರಮ್ ಆದರೆ ವರ್ಷ ವರ್ಷ ಬಣ್ಣ ಹೊಡೆಯಬೇಕು. ಬಲೂನ್ ಮಾದರಿ ಅಗ್ಗ, ಬೇಗ ಕೂರಿಸಬಹುದು, ಇಲಿ ಕಚ್ಚಿದರೆ, ಕೊಂಬೆ ಬಿದ್ದರೆ ಹೋಯಿತು. ಜಾಗ ನಿಮ್ಮದೇ, ದನ ಸಾಕುವುದು ಮುಂದೆಯೂ ಖಚಿತ ಅನ್ನುವವರಿಗೆ ದೀನಬಂಧು.

ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಬೇರೆ ಕಡೆಗಿಂತ ಚೆನ್ನಾಗಿ ಉಳಿಯಲು ಒಂದು ದೊಡ್ಡ ಕಾರಣ ಕಟ್ಟಿಸಿಕೊಟ್ಟವರೇ ದುರಸ್ತಿಗೂ ಬರುತ್ತಿದ್ದದ್ದು. ಕೆಟ್ಟರೆ ಹೊಣೆ ಅವರದ್ದು, ಚೆನ್ನಾಗಿ ನಡೆದರೆ ಪಕ್ಕದ ಮನೆಯ ಕೆಲಸವೂ ಅವರಿಗೇ. ಊರಿನ ಮೇಸ್ತ್ರಿಗೆ ಇದೊಂದು ಕಸುಬಾಗಿ ನಿಲ್ಲುವುದು ಹೀಗೆ. ದೂರದ ಊರಿನ ಗುತ್ತಿಗೆದಾರ ಬಂದು ಕಟ್ಟಿ, ಫೋಟೋ ತೆಗೆದು ಹೋದ ಘಟಕಕ್ಕೆ ಈ ಆಸರೆ ಇರುವುದಿಲ್ಲ.

ಇನ್ನೊಂದು ಮಾತು, ಪರಿಸರದ ದೃಷ್ಟಿಯಿಂದ ಇದು ಮುಖ್ಯ. ಗೋಬರ್ ಗ್ಯಾಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೀಥೇನ್. ಉರಿಸಿದರೆ ಒಳ್ಳೆಯದು, ಸುಮ್ನೆ ಗಾಳಿಗೆ ಬಿಟ್ಟರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಿರಿ.

ಇಂಡಕ್ಷನ್: ಎರಡನೇ ಒಲೆಯಾಗಿ ಸರಿ

ಒಂದು ಸಿಲಿಂಡರ್ ಮಾಡುವ ಕೆಲಸವನ್ನು ಇಂಡಕ್ಷನ್ ಒಲೆ ಮಾಡಲು ಸುಮಾರು 125 ಯೂನಿಟ್ ಬೇಕು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 750. ಸಿಲಿಂಡರ್‌ಗಿಂತ ಸ್ವಲ್ಪ ಕಡಿಮೆ, ಭಾರಿ ಉಳಿತಾಯ ಏನಲ್ಲ.

ಗೃಹಜ್ಯೋತಿಯಲ್ಲಿ ಕರೆಂಟ್ ಪುಕ್ಕಟೆ ಅಲ್ವಾ ಅಂತ ಕೇಳುತ್ತಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಇಲ್ಲ. ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಗೊತ್ತುಮಾಡಿದ್ದಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಹಳ್ಳಿಯ ಸಣ್ಣ ಮನೆಯ ಮಿತಿ ಐವತ್ತು ಅರವತ್ತು ಯೂನಿಟ್ ಇದ್ದರೆ ಇಂಡಕ್ಷನ್‌ಗೆ ಬಳಸಿದ್ದೆಲ್ಲ ದುಡ್ಡು ಕೊಟ್ಟೇ ಬಳಸಿದ್ದು. ನಿಮ್ಮ ಬಿಲ್ಲಿನಲ್ಲಿ ಮಿತಿ ಎಷ್ಟು ಬರೆದಿದೆ ಅಂತ ನೋಡಿ ಆಮೇಲೆ ಅಂಗಡಿಗೆ ಹೋಗಿ.

ವೈರಿಂಗ್ ಕೂಡ ನೋಡಬೇಕು. 2000 ವ್ಯಾಟ್ ಒಲೆಗೆ 16 ಆಂಪ್ಸ್ ಸಾಕೆಟ್, ದಪ್ಪ ವೈರ್, ಸರಿಯಾದ ಅರ್ಥಿಂಗ್ ಇರಲೇಬೇಕು. ಎರಡು ಬಲ್ಬಿಗೆ ಅಂತ ಎಳೆದ ಹಳೇ ತೆಳು ವೈರಿಗೆ ಇದನ್ನು ಸಿಕ್ಕಿಸಿದರೆ ಬೆಂಕಿ ಹತ್ತುವ ಭಯ ಇದೆ. ಇನ್ನು ನಮ್ಮ ಅಡುಗೆಗೆ ಇದು ಪೂರ್ತಿ ಒಗ್ಗುವುದಿಲ್ಲ. ರಾಗಿ ಮುದ್ದೆ ತೊಳಸುವಾಗ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಮೈಯ ಶಕ್ತಿಯೆಲ್ಲ ಹಾಕಿ ತಿರುವಬೇಕು, ಗಾಜಿನ ಮೇಲೆ ಅದನ್ನು ಮಾಡುವುದು ಅಪಾಯ, ಕೆಳಗಿಳಿಸಿಯೇ ತೊಳಸಬೇಕು. ಜೋಳದ ರೊಟ್ಟಿಗೆ ಕೆಂಡವೋ ಉರಿಯೋ ತಾಗಿದರೇ ಉಬ್ಬುವುದು. ಹಾಲು, ಕಾಫಿ, ಕುಕ್ಕರಿನಲ್ಲಿ ಬೇಳೆ, ಅನ್ನ, ಇಷ್ಟಕ್ಕೆ ಇಂಡಕ್ಷನ್ ಬಹಳ ಚೆನ್ನಾಗಿದೆ. ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ, ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟುತ್ತದಾ ನೋಡಿ.

ಮನೆ ಮೇಲೆ ಸೋಲಾರ್ ಫಲಕ ಹಾಕಿಸಿ ಅದರಿಂದ ಅಡುಗೆ ಮಾಡೋಣ ಅನ್ನುವವರಿಗೆ: 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ ಸಹಾಯಧನ ಇದೆ. ಆದರೆ ಗ್ರಿಡ್‌ಗೆ ಜೋಡಿಸಿದ ಘಟಕ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರದ ಊರಿನವರು ಇದನ್ನು ನೆನಪಿಡಿ.

ಹಾಗಾದರೆ ನಿಮಗೆ ಯಾವುದು

ಎರಡು ಮೂರು ಎಚ್‌ಎಫ್ ಹಸು ಕಟ್ಟಿ ಡೈರಿಗೆ ಹಾಲು ಹಾಕುವವರು, ಜೊತೆಗೆ ಸ್ವಲ್ಪವಾದರೂ ತೋಟ ಇರುವವರು ಯೋಚನೆ ಮಾಡುತ್ತಾ ಕೂರಬೇಡಿ, ಗೋಬರ್ ಗ್ಯಾಸ್ ಕಟ್ಟಿಸಿ. ನೆಂಟರು ಬಂದಾಗ, ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾದಾಗ ಬಳಸಲು ಸಿಲಿಂಡರ್ ಪಕ್ಕಕ್ಕಿರಲಿ. ಮಗ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ, ದನ ಇನ್ನೆಷ್ಟು ದಿನವೋ ಅನ್ನುವ ಮನೆಗೆ ಇದು ಬೇಡ. ಅವರಿಗೆ ಸಿಲಿಂಡರ್, ಕುಕ್ಕರ್, ಸಾಧ್ಯವಾದರೆ ಸೋಲಾರ್ ವಾಟರ್ ಹೀಟರ್. ದನ ಇಲ್ಲ ಆದರೆ ತೋಟ, ಹೊಲದ ಉರುವಲು ಧಾರಾಳ ಇದೆ ಅನ್ನುವವರು ಕೊಳವೆ ಇರುವ ಒಲೆ ಮತ್ತು ಸಿಲಿಂಡರ್ ಎರಡನ್ನೂ ಇಟ್ಟುಕೊಳ್ಳಿ, ಬೆಳಗಿನ ಅವಸರಕ್ಕೆ ಗ್ಯಾಸ್, ಹೊತ್ತು ಹಿಡಿಯುವ ಅಡುಗೆಗೆ ಒಲೆ. ಭೂಮಿಯೂ ಇಲ್ಲ, ದನವೂ ಇಲ್ಲ ಅನ್ನುವವರ ವಿಷಯ ಮೇಲೆ ಹೇಳಿದ್ದೇನೆ. ಅವರ ಸಂಘದವರು ಸೇರಿ ತಿಂಗಳಿಗಿಷ್ಟು ಅಂತ ಕೂಡಿಟ್ಟು ಸರದಿಯಲ್ಲಿ ಸಿಲಿಂಡರ್ ತುಂಬಿಸಿಕೊಂಡರೆ ಒಂದೇ ಸಲ ದುಡ್ಡು ಹೊಂದಿಸುವ ಕಷ್ಟ ತಪ್ಪುತ್ತದೆ.

ಯಾವ ಒಲೆಯಾದರೂ ಸರಿ, ಹುರುಳಿ, ಕಡಲೆ ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡುವುದು ಇವತ್ತೇ ಶುರು ಮಾಡಬಹುದು.

ಗೋಬರ್ ಗ್ಯಾಸ್ ಅಂತ ತೀರ್ಮಾನ ಮಾಡಿದವರು ಗುಂಡಿ ತೋಡುವ ಕೆಲಸವನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಮಳೆ ಶುರುವಾದರೆ ಗುಂಡಿಯಲ್ಲಿ ಒರತೆ ನೀರು ನಿಂತು ಕೆಲಸ ಕೆಡುತ್ತದೆ. ಕೆಲಸ ಶುರುವಾಗುವ ಮೊದಲೇ ಗ್ರಾಮ ಪಂಚಾಯ್ತಿಯಲ್ಲಿ ಸಹಾಯಧನದ ಅರ್ಜಿ ವಿಚಾರಿಸಿ. ಜಾಗ ಬಿಸಿಲು ಬೀಳುವಲ್ಲಿ, ಕೊಟ್ಟಿಗೆಗೆ ಹತ್ತಿರ, ಬಾವಿಯಿಂದ ಕನಿಷ್ಠ ಹದಿನೈದು ಮೀಟರ್ ದೂರ, ದೊಡ್ಡ ಮರದ ಬೇರು ಬರದ ಕಡೆ ಇರಲಿ. ಮೇಸ್ತ್ರಿ ಮೊದಲು ಕಟ್ಟಿದ ಎರಡು ಮೂರು ಮನೆಗೆ ಹೋಗಿ ಉರಿ ನೀಲಿಯಾಗಿ ಬರುತ್ತಿದೆಯಾ ನೋಡಿ, ಆ ಮನೆಯ ಹೆಂಗಸರ ಹತ್ತಿರ ಕೇಳಿ. 2 ಘನ ಮೀಟರ್ ಘಟಕದ ಮೊದಲ ತುಂಬುವಿಕೆಗೇ ಸುಮಾರು ಎರಡು ಟನ್ ಸಗಣಿ ಬೇಕು, ಅಕ್ಕಪಕ್ಕದ ಮನೆಯವರಿಗೆ ತಿಂಗಳ ಮೊದಲೇ ಹೇಳಿಟ್ಟುಕೊಳ್ಳಿ, ನಡೆಯುತ್ತಿರುವ ಘಟಕದಿಂದ ನಾಲ್ಕು ಬುಟ್ಟಿ ಸ್ಲರಿ ತಂದು ಹಾಕಿದರೆ ಬೇಗ ಹಿಡಿಯುತ್ತದೆ. ಮೊದಮೊದಲು ಬರುವ ಗ್ಯಾಸ್ ಹತ್ತಿಕೊಳ್ಳುವುದಿಲ್ಲ, ಹೆದರಬೇಡಿ. ಅದರಲ್ಲಿ ಮೀಥೇನ್ ಇನ್ನೂ ಕಡಿಮೆ ಇರುತ್ತದೆ, ಒಂದೆರಡು ವಾರ ಹೋಗಲಿ. ಆಮೇಲೂ ಉರಿ ಮಿಣುಕುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿರುತ್ತದೆ, ತಗ್ಗಿನಲ್ಲಿರುವ ನಲ್ಲಿ ತಿರುಗಿಸಿ ನೀರು ಬಿಟ್ಟುಬಿಡಿ.